ದನಿ ಕೇಳಬಾರದ ತಿಂಗಳು

ಛತ್ರಪತಿ ಸಂಭಾಜಿನಗರ
28 ಜೂನ್ 2025, ಶನಿವಾರ

ನನ್ನ ಒಬ್ಬನೇ ಒಬ್ಬ ಗಂಡನಾದ ಶ್ರೀ ರವಿಕಾಂತ ಅವರಿಗೆ,

ಆಹಾ, ಹೀಗೆ ಬರೆಯುವುದಕ್ಕೇ ಎಷ್ಟು ಖುಷಿ! ಮದುವೆಯಾಗಿ ತಿಂಗಳಾದರೂ ‘ಗಂಡ’ ಅನ್ನುವ ಪದ ನನಗೆ ಇನ್ನೂ ಹೊಸ ಚಪ್ಪಲಿಯ ಹಾಗೆ ಚರಕ್ ಚರಕ್ ಅನ್ನುತ್ತದೆ. ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಹಾಕಿಕೊಂಡು ಓಡಾಡುತ್ತೇನೆ.

ನಾಸಿಕದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವಾಗ ನೀವು ಕಿಟಕಿಯ ಹತ್ತಿರ ಬಂದು ಹೇಳಿದಿರಲ್ಲ, “ಆಷಾಢದಾಗ ಹೊಸ ಗಂಡ ಹೆಂಡತಿ ಮಾರಿ ನೋಡಬಾರದು ಅಷ್ಟೇ ಅಲ್ಲ, ದನಿನೂ ಕೇಳಬಾರದು, ನಮ್ಮ ಮನಿ ಪದ್ಧತಿ ಅದು” ಅಂತ. ನನಗೆ ಎಂಥ ಅಳು ಬಂತು! ಆದರೆ ಯೇವಲಾ ದಾಟುವ ಹೊತ್ತಿಗೆ ಅದೇ ರೋಮಾಂಚನವಾಯಿತು. ಇಡೀ ಒಂದು ತಿಂಗಳು ಫೋನಿಲ್ಲ! ನನ್ನ ಗೆಳತಿಯರಲ್ಲಿ ಯಾರಿಗೂ ಇಂಥ ಭಾಗ್ಯ ಇಲ್ಲ. ಮೆಸೇಜೂ ಬೇಡ ಅಂದಿರಿ. ಅದು ಸರಿಯೇ, ಅಲ್ಲಿ ದನಿ ಕಳಿಸುವ ಆ ಮೈಕಿನ ಗುಂಡಿ ಇರುತ್ತದೆ, ನನ್ನ ಬೆರಳು ಸುಮ್ಮನಿರುವುದಿಲ್ಲ. ಆದರೆ ಕಾಗದದ ಬಗ್ಗೆ ನೀವು ಏನೂ ಹೇಳಲಿಲ್ಲ. ಆದ್ದರಿಂದ ಇಗೋ ಕಾಗದ!

ಅವ್ವನನ್ನು ಕೇಳಿದೆ. “ಮಾರಿ ನೋಡಬಾರದಂತ ನಾನೂ ಕೇಳೀನಿ. ದನಿದು ಗೊತ್ತಿಲ್ಲ. ಅವರ ಮನ್ಯಾಗ ಇದ್ದೀತು. ಹೊಸ ಬೀಗರು, ಕೆದಕಿ ಕೇಳಬಾರದು” ಎಂದಳು. ಬೀದರಿನಲ್ಲಿ ಹುಟ್ಟಿ ಬೆಳೆದು ಇಲ್ಲಿಗೆ ಬಂದ ಅವ್ವನಿಗೇ ಗೊತ್ತಿಲ್ಲದ ಮೇಲೆ ನನಗೇನು ಗೊತ್ತು? ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ಸಿನ ಹಾಡು ಕಲಿಸಿದರು, ಆಷಾಢ ಕಲಿಸಲಿಲ್ಲ. ಕನ್ನಡ ಬರೆಯುವುದನ್ನಂತೂ ಬೀದರಿನ ಅಜ್ಜಿ ಬೇಸಿಗೆ ರಜೆಯಲ್ಲಿ ಕಿವಿ ಹಿಂಡಿ ಕಲಿಸಿದಳು. ಈಗ ಅದರ ಬೆಲೆ ತಿಳಿಯುತ್ತಿದೆ. ತಮ್ಮ ದಿಗಂತ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಕಾಯ್ ಗ ಅಕ್ಕಾ, ಬರೇ ಜಿಲೇಬಿ ಸುತ್ತಿದಂಗ ಕಾಣ್ತದ” ಎಂದು ಹೋದ. ಒಂದಕ್ಷರ ಓದಲು ಬರುವುದಿಲ್ಲ, ಪಾಪ. ನನ್ನ ಗುಟ್ಟೆಲ್ಲ ಭದ್ರ.

ಒಂದು ಒಪ್ಪಂದ ಮಾಡೋಣವೇ? ಬರೀ ಪ್ರೀತಿ ಪ್ರೀತಿ ಅಂತ ಬರೆದರೆ ನಾಲ್ಕನೇ ಕಾಗದಕ್ಕೆ ಮುಗಿದುಹೋಗುತ್ತದೆ. ನೀವು ನನ್ನನ್ನು ‘ಸತ್ತವರ ಮೇಲೆ ಎಂ.ಎ. ಮಾಡಿದವಳು’ ಎಂದು ಕಾಡಿಸುತ್ತೀರಲ್ಲ, ಅದಕ್ಕೇ ನಾವು ಒಬ್ಬರಿಗೊಬ್ಬರು ನಮ್ಮ ನಮ್ಮ ಊರಿನ ದೊಡ್ಡವರ ದುಃಖದ ಕಥೆ ಹೇಳೋಣ. ಇತಿಹಾಸದಲ್ಲಿ ನನಗೆ ಇಷ್ಟವಾಗುವುದು ಅಳು ಬರುವ ಭಾಗ ಮಾತ್ರ.

ಮೊದಲು ನಾನು. ನಿನ್ನೆ ದಿಗಂತ್‌ನ ಜೊತೆ ದೌಲತಾಬಾದ್ ಕೋಟೆಗೆ ಹೋಗಿದ್ದೆ. ಅಲ್ಲಿ ಚೀನಿ ಮಹಲ್ ಇದೆ, ಗೋಡೆಯಲ್ಲಿ ಇನ್ನೂ ಒಂದೆರಡು ನೀಲಿ ಹೆಂಚು ಉಳಿದಿವೆ. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಶಾನನ್ನು ಇಲ್ಲಿಯೇ ಸೆರೆಯಿಟ್ಟಿದ್ದರು. ಹಾಡು, ಕುಣಿತ, ಅತ್ತರು ಎಂದು ಇದ್ದ ಮನುಷ್ಯ ಹನ್ನೆರಡು ಹದಿಮೂರು ವರ್ಷ ಇಲ್ಲೇ ಇದ್ದು ಇಲ್ಲೇ ಸತ್ತ! ಅವನನ್ನು ಹಿಡಿಯಲು ಮೊಗಲರ ಸರದಾರರು ಅರಮನೆಯೊಳಗೆ ನುಗ್ಗಿದಾಗ ಅವನು, “ನನ್ನ ಉಪಾಹಾರದ ಹೊತ್ತಾಯಿತು, ಕೂತುಕೊಳ್ಳಿ” ಎಂದು ಊಟ ತರಿಸಿ ಸಮಾಧಾನವಾಗಿ ಉಂಡನಂತೆ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ ರೀ! ದಿಗಂತ್‌ಗೆ ನಾಚಿಕೆಯಾಗಿ ಅಪರಿಚಿತನ ಹಾಗೆ ದೂರ ಹೋಗಿ ನಿಂತ.

ಈಗ ನಿಮ್ಮ ಸರದಿ. ಉದ್ದ ಬರೆಯಿರಿ. ತುಂಬಾ ಉದ್ದ.

ನಿಮ್ಮವಳೇ, ನಿಮ್ಮವಳೇ, ನಿಮ್ಮವಳೇ
ಸ್ನೇಹಲ


ನಾಸಿಕ
3 ಜುಲೈ 2025

ಸ್ನೇಹಲ,

ಪೋಸ್ಟಮನ್ ನಿನ್ನ ಲಕೋಟೆ ಕೊಟ್ಟಾಗ ಅವ್ವ ಕೋರ್ಟಿನ ನೋಟೀಸು ಎಂದುಕೊಂಡು ದೇವರ ಕೋಣೆಗೆ ಓಡಿದಳು. ನಮ್ಮ ಮನೆಗೆ ಕೈಬರಹದ ಕಾಗದ ಬಂದು ಯಾವ ಕಾಲವಾಯಿತೋ. ನಾನು ಮನೆಯಲ್ಲೇ ಇದ್ದೆ. ಸಾತಪುರದ ಕಾರ್ಖಾನೆಗಳಲ್ಲಿ ಆರ್ಡರ್ ಕಡಿಮೆ, ನಮ್ಮವರು ಕೆಲವರಿಗೆ ರಜೆ ಕೊಟ್ಟಿದ್ದಾರೆ.

ನಾನು ಡಿಪ್ಲೊಮಾ ಓದಿದವನು. ಲೇಥಿನ ಮೇಲೆ ಎಷ್ಟು ಬೇಕಾದರೂ ಉದ್ದ ಕೊರೆಯುತ್ತೇನೆ, ಕಾಗದದ ಮೇಲೆ ಬರುವುದಿಲ್ಲ. ಆದರೂ ಒಪ್ಪಂದ ಒಪ್ಪಂದವೇ.

ಭಾನುವಾರ ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಗಂಗಾಪುರದ ಕಡೆ ಹೋಗಿದ್ದರು. ಅಲ್ಲಿ ಗಾಳಿ ಚೆನ್ನಾಗಿದೆ. ಪೇಶ್ವೆ ನಾನಾಸಾಹೇಬನ ಹೆಂಡತಿ ಗೋಪಿಕಾಬಾಯಿ ಕಡೆಗಾಲದಲ್ಲಿ ಬಂದು ಇದ್ದದ್ದು ಆ ಊರಿನಲ್ಲಿ. ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿರಿಯ ಮಗ ಪಾಣಿಪತ್ತಿನಲ್ಲಿ ಹೋದ. ಅದೇ ವರ್ಷ ಗಂಡ ಆ ಕೊರಗಿನಲ್ಲೇ ಹೋದ. ಎರಡನೆಯ ಮಗನ ಜೊತೆ ಮನಸ್ಸು ಮುರಿದು ಪುಣೆ ಬಿಟ್ಟು ಈ ಕಡೆ ಬಂದಳು. ಆ ಮಗನೂ ಹೋದ. ಮೂರನೆಯವನನ್ನು ಅವನ ಅರಮನೆಯಲ್ಲೇ ಕೊಂದರು.

ಆ ಕೊನೆಯ ಎರಡು ಸುದ್ದಿ ಅವಳಿಗೆ ಇಲ್ಲಿಗೇ ಬಂದಿರಬೇಕು ಎಂದುಕೊಂಡು ನದಿಯ ಕಡೆ ನೋಡುತ್ತಾ ಕೂತೆ. ನಿನಗೆ ಸತ್ತವರ ಕಥೆ ಬೇಕು. ನನಗೆ ಸುದ್ದಿ ತಂದವನ ಯೋಚನೆ ಬಂತು. ಕುದುರೆ ಇಳಿದು ಬಾಗಿಲಲ್ಲಿ ನಿಂತು ಅವನು ಮೊದಲ ಮಾತು ಏನು ಆಡಿರಬೇಕು? ನೀರು ಕೊಡಿ ಅಂದಿರಬೇಕೇ? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದಿರಬೇಕು, ಬಂದ ಮೇಲೆ ಮರೆತಿರಬೇಕು.

ಮಳೆ ಇದೆ. ನೀನು ನೆನೆಯಬೇಡ.

ರವಿಕಾಂತ


ಛತ್ರಪತಿ ಸಂಭಾಜಿನಗರ
7 ಜುಲೈ 2025

ಅಯ್ಯೋ ನನ್ನ ಪತಿರಾಯರೇ,

ಒಂದೂವರೆ ಪುಟ! ಅದರಲ್ಲಿ ನನ್ನ ಬಗ್ಗೆ ಒಂದೇ ಸಾಲು, ಅದೂ ಮಳೆಯ ಬಗ್ಗೆ! ಆದರೆ ಕ್ಷಮಿಸಿದೆ. ಆ ಸುದ್ದಿ ತಂದ ಸವಾರನ ಮಾತು ಓದಿ ಅವ್ವನಿಗೂ ಅಪ್ಪನಿಗೂ ಹೇಳಿದೆ. ನಮ್ಮ ಅಪ್ಪ ಹಾರ್ಡ್‌ವೇರ್ ಅಂಗಡಿಯವರು, ಅವರಿಗೆ ನಟ್ಟು ಬೋಲ್ಟು ಬಿಟ್ಟರೆ ಬೇರೆ ಜಗತ್ತಿಲ್ಲ. ಅವರೂ “ಅಳಿಯ ವಿಚಾರವಂತ ಇದ್ದಾನ” ಅಂದರು!

ಆದರೆ ನೀವು ಆ ಎರಡನೆಯ ಮಗನನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ, ಅದು ಮಾತ್ರ ಅನ್ಯಾಯ. ಅವನೇ ನನ್ನ ಹೀರೋ! ಮಾಧವರಾವ್ ಪೇಶ್ವೆ. ಹದಿನಾರಕ್ಕೆ ಗಾದಿಗೆ ಬಂದ, ಇಪ್ಪತ್ತೇಳಕ್ಕೆ ಸತ್ತ. ರಾಜಯಕ್ಷ್ಮ! ರೋಗದ ಹೆಸರಿನಲ್ಲೇ ರಾಜ ಇದ್ದಾನೆ ನೋಡಿ. ಥೇವೂರಿನ ಗಣಪತಿಯ ಸನ್ನಿಧಿಯಲ್ಲಿ ಹಾಸಿಗೆ ಹಾಸಿಸಿಕೊಂಡು, ದಿನ ದಿನ ಸವೆಯುತ್ತಾ, ಕೆಮ್ಮುತ್ತಾ, ದೇವರನ್ನು ನೋಡುತ್ತಾ ಪ್ರಾಣ ಬಿಟ್ಟ. ರಮಾಬಾಯಿ ಗಂಡನ ಹಿಂದೆಯೇ ಚಿತೆ ಏರಿದಳು. ಕಾಲೇಜಿನಲ್ಲಿ ಇದನ್ನು ಓದಿದಾಗ ಎರಡು ದಿನ ಊಟ ಮಾಡಿರಲಿಲ್ಲ ನಾನು. ಎಂಥ ಪ್ರೀತಿ! ಎಂಥ ಸಾವು! ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿದೆ? ಈಗ ಜನ ಸಕ್ಕರೆ ಕಾಯಿಲೆಯಿಂದ ಸಾಯುತ್ತಾರೆ.

ನಿನ್ನೆ ಏಕಾದಶಿ. ಅಕ್ಕಪಕ್ಕದವರೆಲ್ಲ ಉಪವಾಸ ಅಂತ ಸಾಬೂದಾನಿ ಖಿಚಡಿ ತಂದುಕೊಟ್ಟರು, ತಿನ್ನುತ್ತಾ ನಮ್ಮ ಮದುವೆಯ ವಿಡಿಯೋ ಹಾಕಿದೆವು. (ವಿಡಿಯೋದಲ್ಲಿ ನಿಮ್ಮ ಮಾರಿ ಕಂಡಿತು. ಅದು ಲೆಕ್ಕಕ್ಕಿಲ್ಲ, ಹಳೆಯ ಮಾರಿ.) ಅಕ್ಷತೆ ಬೀಳುವಾಗ ನೀವು ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮುತ್ತಿದ್ದೀರಿ. ದಿಗಂತ್ ಅದನ್ನೇ ಹಿಂದೆ ಮುಂದೆ ಮಾಡಿ ತೋರಿಸಿದ: “ಜೀಜು ನರ್ವಸ್ ಆಗ್ಯಾರ, ಜೀಜು ಮತ್ತ ನರ್ವಸ್ ಆದ್ರು!” ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೋ ತಲೆಯ ಮೇಲಿನ ಆ ಬಿಳಿ ರುಮಾಲು, ಆ ಕರವಸ್ತ್ರ, ಸಣ್ಣಗಾದ ಮುಖ ನೋಡಿ ಪೇಶ್ವೆಯೇ ನೆನಪಾದ. ಚೆಂದ ಕಂಡಿರಿ ರೀ. ನೀವು ಹಾಗೆ ಮಲಗಿದರೆ ನಾನು ರಮಾಬಾಯಿಯೇ ಆಗುತ್ತೇನೆ, ಬರೆದು ಕೊಡುತ್ತೇನೆ!

ಬೇಗ ಬರೆಯಿರಿ. ಆಷಾಢ ಇನ್ನೂ ಅರ್ಧವೂ ಮುಗಿದಿಲ್ಲ, ನನಗೆ ನಿಮ್ಮ ದನಿ ಮರೆತುಹೋಗುತ್ತಿದೆ.

ಕಾದು ಕಾದು ಕಣ್ಣು ಕೆಂಪಾದ
ಸ್ನೇಹಲ


ನಾಸಿಕ
15 ಜುಲೈ 2025

ಸ್ನೇಹಲ,

ತಡವಾಯಿತು. ಬೇರೆ ಕೆಲಸಗಳಿದ್ದವು.

ಆಷಾಢ ಮುಗಿದ ಕೂಡಲೇ ಬರಬೇಕೆಂದೇನಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿನಲ್ಲಿರುವುದೇ ವಾಡಿಕೆ. ಅದು ಮುಗಿಸಿಕೊಂಡು, ಗಣಪತಿ ಹಬ್ಬವನ್ನೂ ಅಲ್ಲೇ ಮಾಡಿಕೊಂಡು ಆಮೇಲೆ ಬಾ. ನಿನ್ನ ಅವ್ವನಿಗೂ ಸಂತೋಷವಾಗುತ್ತದೆ.

ಮಾಧವರಾವನ ಕಥೆ ಇನ್ನು ಬೇಡ. ಬೇರೆ ಯಾರದಾದರೂ ಬರೆ.

ರವಿಕಾಂತ


ಛತ್ರಪತಿ ಸಂಭಾಜಿನಗರ
17 ಜುಲೈ 2025

ರವಿಕಾಂತ ಅವರಿಗೆ,

ಇಂದು ನಿಮ್ಮ ಕಾಗದ ಬರುವ ಮೊದಲೇ ಬೇರೊಂದು ಸಂಗತಿ ನಡೆದಿತ್ತು. ಅದನ್ನು ಹೇಗೆ ನಡೆಯಿತೋ ಹಾಗೇ ಬರೆಯುತ್ತೇನೆ.

ಪಂಚಮಿಗೆ ನಿಮ್ಮ ಅವ್ವನಿಗೆ ಯಾವ ಬಣ್ಣದ ಸೀರೆ ತರಬೇಕೆಂದು ಕೇಳಲು ನಮ್ಮ ಅವ್ವ ಫೋನ್ ಮಾಡಿದ್ದಳು. ಸ್ಪೀಕರ್ ಹಾಕಿದ್ದಳು. ಮಾತಿನ ನಡುವೆ ನಮ್ಮ ಅವ್ವ, “ಪಾಪ ನಮ್ಮ ಹುಡುಗಿ ನಿಮ್ಮ ಪದ್ಧತಿ ಭಾಳ ಛಂದ ಪಾಳಿಸ್ಲಕತ್ತಾಳ್ರಿ, ಒಂದಿನಾ ಫೋನ್ ಮುಟ್ಟಿಲ್ಲ” ಎಂದಳು.

ಅತ್ತೆ, “ಯಾವ ಪದ್ಧತಿರೀ?” ಎಂದರು.

“ಅದೇ, ದನಿ ಕೇಳಬಾರದು ಅಂತ.”

“ಹಂಗ ಯಾವುದೂ ಇಲ್ರೀ ನಮ್ಮಲ್ಲಿ. ಸೊಸಿ ಅತ್ತಿ ಒಂದೇ ಹೊಸ್ತಿಲ ದಾಟಬಾರದು ಅಂತಾರ, ಅಷ್ಟೇ. ಫೋನಿಗೆ ಎಲ್ಲಿ ಹೊಸ್ತಿಲ ಅದ?” ಎಂದು ನಕ್ಕರು. ಆಮೇಲೆ ಏನೋ ನೆನಪಾದವರ ಹಾಗೆ ನಗು ನಿಲ್ಲಿಸಿ, “ಅವನೇ ಏನರೆ ಹೇಳಿರ್ತಾನ್ರಿ. ಮಸ್ಕಿರಿ ಮಾಡಿರ್ತಾನ” ಎಂದು ಫೋನ್ ಇಟ್ಟುಬಿಟ್ಟರು. ಸೀರೆಯ ಬಣ್ಣ ಹೇಳಲೇ ಇಲ್ಲ.

ನಮ್ಮ ಅವ್ವ ನನ್ನನ್ನು ನೋಡಿದಳು. ನಾನು, “ಹ್ಞೂ, ಮಸ್ಕಿರಿನೇ ಇರಬೇಕು” ಎಂದು ನಕ್ಕೆ. ಮಧ್ಯಾಹ್ನ ನಿಮ್ಮ ಕಾಗದ ಬಂತು. ಗಣಪತಿ ಹಬ್ಬ ಮುಗಿಸಿಕೊಂಡು ಬಾ ಎಂದಿತ್ತು.

ಹಾಗಾದರೆ ನನ್ನ ದನಿ ಕೇಳಬಾರದೆಂದು ಹೇಳಿದ್ದು ಪದ್ಧತಿಯಲ್ಲ, ನೀವು. ನಾನು ಬಹಳ ಮಾತಾಡುತ್ತೇನೆ ಎಂದು ನನಗೂ ಗೊತ್ತು. ಶಾಲೆಯಲ್ಲಿ ಸಿಸ್ಟರ್ ಕೂಡ ಹಾಗೇ ಅನ್ನುತ್ತಿದ್ದರು. ನಿಮಗೆ ಬೇಸರವಾಗಿದ್ದರೆ ನನಗೇ ಹೇಳಬಹುದಿತ್ತು. ಒಂದು ಆಷಾಢವನ್ನು ಸುಳ್ಳಿಗೆ ಹಚ್ಚುವುದು ಬೇಕಿರಲಿಲ್ಲ.

ನಿಮ್ಮ ಕಾಗದ ಬರಲಿಲ್ಲವೆಂಬ ಬೇಸರಕ್ಕೆ ನಿನ್ನೆ ಒಬ್ಬಳೇ ಬೀಬಿ ಕಾ ಮಕಬರಾಕ್ಕೆ ಹೋಗಿದ್ದೆ. ಸರದಿ ನನ್ನದೇ ಆದ್ದರಿಂದ ಅವಳ ಕಥೆ ಹೇಳಬೇಕು. ದಿಲರಸ್ ಬಾನು, ಔರಂಗಜೇಬನ ಹೆಂಡತಿ. ಐದನೆಯ ಹೆರಿಗೆಯಾಗಿ ತಿಂಗಳೊಳಗೆ ಸತ್ತಳು. ಇಷ್ಟು ದೊಡ್ಡ ಬಿಳಿ ಗೋರಿ ಎದ್ದಿತು, ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅವಳು ಏನು ಮಾತಾಡುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು ಎಂದು ನಾನು ಓದಿದ ಎರಡು ವರ್ಷದಲ್ಲಿ ಎಲ್ಲೂ ಸಿಗಲಿಲ್ಲ. ನಿನ್ನೆ ನನಗೆ ಅಳು ಬರಲಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ.

ಸ್ನೇಹಲ


ನಾಸಿಕ
19 ಜುಲೈ 2025

ಸ್ನೇಹಲ,

ಬೆಳಗಿನಿಂದ ಮೂರು ಹಾಳೆ ಹರಿದೆ. ನೇರವಾಗಿ ಬರೆಯುತ್ತೇನೆ. ನನಗೆ ಟಿ.ಬಿ. ಇದೆ.

ನೀನು ಹೊರಡುವ ಎರಡು ದಿನ ಮೊದಲು ಗೊತ್ತಾಯಿತು. ಮದುವೆಯ ಮುಂಚೆಯಿಂದ ಇದ್ದ ಕೆಮ್ಮು ಕಾರ್ಖಾನೆಯ ಎಣ್ಣೆಯ ಹೊಗೆಗೆ ಎಂದುಕೊಂಡಿದ್ದೆ. ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿ ಹೇಳಿದರು. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು, ವಾಸಿಯಾಗುತ್ತದೆ ಎಂದರು. ಕಾರ್ಖಾನೆಗೆ ನಾನೇ ರಜೆ ಹಾಕಿದ್ದೇನೆ. ಆರ್ಡರ್ ಕಡಿಮೆ ಎಂದದ್ದು ಸುಳ್ಳು.

ಆಷಾಢ ಬಂದದ್ದು ದೇವರು ಕಳಿಸಿದ ಹಾಗಾಯಿತು. ನೀನು ತವರಿಗೆ ಹೋಗಲೇಬೇಕಿತ್ತು, ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆದರೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿದರೆ ನನ್ನ ಎದೆ ಎಲ್ಲ ಹೇಳಿಬಿಡುತ್ತದೆ. ಆಗ ದನಿ ಹೋಗಿ ಬರೀ ಗೊಗ್ಗರು ಉಳಿದಿತ್ತು. ಅದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಬಂದ ಪದ್ಧತಿಯೊಂದನ್ನು ಹುಟ್ಟಿಸಿದೆ. ನೀನು ಹೌದೆಂದು ನಂಬಿಬಿಟ್ಟೆ. ನೀನು ನಂಬಿದ್ದು ನೋಡಿ ನನಗೇ ಅದು ನಿಜವೆನ್ನಿಸಿತು.

ನಿನ್ನ ಮಾತಿನಿಂದ ಬೇಸರವೇ? ಈ ಮನೆಯಲ್ಲಿ ಈಗ ನಾವು ಮೂವರೂ ಕಿಟಕಿ ತೆರೆದುಕೊಂಡು ಸುಮ್ಮನೆ ಕೂತಿರುತ್ತೇವೆ. ಹುಟ್ಟಿದಾಗಿನಿಂದ ಈರುಳ್ಳಿಗೂ ವಾರ ನೋಡುವ ನನ್ನ ಅವ್ವ, ಡಾಕ್ಟರು ಹೇಳಿದರೆಂದು ಬಾಲ್ಕನಿಯಲ್ಲಿ ಬೇರೆ ಒಲೆ ಇಟ್ಟು ಮೊಟ್ಟೆ ಕುದಿಸುತ್ತಾಳೆ. ಮೂಗಿಗೆ ಸೆರಗು ಹಿಡಿದು, ಮುಖ ಆ ಕಡೆ ತಿರುಗಿಸಿ, “ಶಿವಾ ಶಿವಾ, ತಿನ್ನಪ್ಪಾ” ಎಂದು ತಟ್ಟೆ ಮುಂದೆ ತಳ್ಳುತ್ತಾಳೆ. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಅಪ್ಪ ಎರಡು ಓಣಿ ಆಚೆ ಹಾಕಿ ಬರುತ್ತಾರೆ, ಪಕ್ಕದ ಮನೆಯ ಜಂಗಮರಿಗೆ ಗೊತ್ತಾಗಬಾರದೆಂದು. ಮಾತ್ರೆಗೆ ಮೂತ್ರ ಕೇಸರಿ ಬಣ್ಣ ಬರುತ್ತದೆ. ಮೊದಲ ದಿನ ರಕ್ತವೆಂದು ಹೆದರಿ ನಾನು ಕೂಗಿದ್ದು ಮೂರನೇ ಮಹಡಿಗೆ ಕೇಳಿರಬೇಕು. ಇದನ್ನೆಲ್ಲ ಹೇಳಿ ನಗಲು ನನಗೆ ಯಾರೂ ಇಲ್ಲ.

ನಿನ್ನ ಪೇಶ್ವೆಯ ರೋಗವೂ ಇದೇ. ಆ ಕಾಗದ ಬಂದ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ತಿಳಿಯದೆ ಬರೆದದ್ದು, ನನಗೆ ಗೊತ್ತು. ಆದರೂ ‘ಎಂಥ ಸಾವು’ ಎನ್ನುವಲ್ಲಿಗೆ ಓದುವುದು ನಿಲ್ಲಿಸಿದೆ. ಸಾತಪುರದ ಮೂರನೇ ಪಾಳಿಯವನಿಗೆ ರಾಜಯಕ್ಷ್ಮ ಬಂದರೆ ಅದರಲ್ಲಿ ರಾಜ ಇರುವುದಿಲ್ಲ.

ನಿನ್ನ ಮನೆಯವರಿಗೆ ಹೇಳಬೇಡ. ಮುಚ್ಚಿಟ್ಟು ಮದುವೆ ಮಾಡಿದರು ಎನ್ನುತ್ತಾರೆ, ನಿನ್ನನ್ನು ಮರಳಿ ಕಳಿಸುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಮತ್ತೆ ಕಫ ಪರೀಕ್ಷೆ ಇದೆ. ಅದಕ್ಕೇ ಅಷ್ಟು ದಿನ ಕೇಳಿದ್ದು.

ಇನ್ನೊಂದು. ಇದನ್ನು ಮೊದಲೇ ಬರೆಯಬೇಕಿತ್ತು. ನನ್ನ ಜೊತೆ ಇದ್ದವರೆಲ್ಲ ಪರೀಕ್ಷೆ ಮಾಡಿಸಬೇಕು ಎಂದು ಅವತ್ತೇ ಹೇಳಿದ್ದರು. ಅಪ್ಪ ಅವ್ವ ಮಾಡಿಸಿದರು, ಏನೂ ಇಲ್ಲ. ನೀನೂ ಎಕ್ಸ್‌ರೇ ಮಾಡಿಸಿಕೋ. ನಾಳೆಯೇ ಹೋಗು.

ರವಿಕಾಂತ


ಛತ್ರಪತಿ ಸಂಭಾಜಿನಗರ
23 ಜುಲೈ 2025

ರವಿಕಾಂತ ಅವರಿಗೆ,

ನನ್ನ ಎಕ್ಸ್‌ರೇ ಸ್ವಚ್ಛವಾಗಿದೆ. ಮೊದಲು ಅದನ್ನು ಓದಿ ಉಸಿರು ಬಿಡಿ. ಆಮೇಲಿನದನ್ನು ನಿಧಾನವಾಗಿ ಓದಿ.

ಪುಸ್ತಕದ ಅಂಗಡಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಇಲ್ಲಿನ ಸರ್ಕಾರಿ ದವಾಖಾನೆಗೆ ಹೋದೆ. ಕೌಂಟರಿನ ಹೆಂಗಸು, “ಕೋಣಾಲಾ ಆಹೆ?” ಎಂದು ಮರಾಠಿಯಲ್ಲಿ ಕೇಳಿದಳು, ಯಾರಿಗೆ ಇದೆ ಅಂತ. “ಮಾಝ್ಯಾ ನವರ್‍ಯಾಲಾ” ಎಂದೆ, ನನ್ನ ಗಂಡನಿಗೆ ಅಂತ. ಆ ಪದವನ್ನು ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು. ಚರಕ್ ಚರಕ್ ಅನ್ನಲಿಲ್ಲ. ಡಾಕ್ಟರು ಮುಂಜಾಗ್ರತೆಗೆ ನನಗೂ ಕೆಲವು ವಾರ ಮಾತ್ರೆ ಬರೆದಿದ್ದಾರೆ.

ನನಗೆ ಸಿಟ್ಟು ಬಂದಿದೆ. ರೋಗ ಬಂದದ್ದಕ್ಕಲ್ಲ. ಪದ್ಧತಿ ಹುಟ್ಟಿಸಿದ್ದಕ್ಕೂ ಅಲ್ಲ, ಅದನ್ನು ನೆನೆದರೆ ಈಗ ಅಳುವಿನ ಜೊತೆ ನಗೂ ಬರುತ್ತದೆ. ನಿಮ್ಮ ಅಪ್ಪ ಅವ್ವನಿಗೆ ಪರೀಕ್ಷೆ ಮಾಡಿಸಿದಿರಿ, ನನಗೆ ಒಂದು ತಿಂಗಳು ಹೇಳಲಿಲ್ಲ. ನಾನು ಮನೆಯವಳಲ್ಲವೇ? ನಾನೆಲ್ಲಿ ಹೋಗಿಬಿಡುತ್ತೇನೋ ಎಂದು ಹೆದರಿ, ನನ್ನ ಎದೆಯೊಳಗೇನಾದರೂ ಇದ್ದರೆ ಇರಲಿ ಎಂದು ಬಿಟ್ಟಿರಿ. ಅದು ಪ್ರೀತಿಯಲ್ಲ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ನನ್ನದೂ ಇದೆ. ನಿನ್ನೆ ಮಾಧವರಾವನ ಪುಸ್ತಕ ಮತ್ತೆ ತೆಗೆದೆ. ಹನ್ನೊಂದು ವರ್ಷ ಆಳಿದ. ಪಾಣಿಪತ್ತಿನ ಸೋಲಿನಿಂದ ಬಿದ್ದುಹೋದದ್ದನ್ನೆಲ್ಲ ಎತ್ತಿ ನಿಲ್ಲಿಸಿದ. ಆ ಪುಟಗಳಲ್ಲಿ ನಾನು ಗೆರೆ ಎಳೆದದ್ದು ಒಂದೂ ಇಲ್ಲ, ಎಲ್ಲ ಗೆರೆಯೂ ಥೇವೂರಿನಲ್ಲಿ. ರಮಾಬಾಯಿಯ ಬಗ್ಗೆ ಬರೆದದ್ದನ್ನು ನೆನೆದರೆ ನಾಚಿಕೆಯಾಗುತ್ತದೆ. ಅವಳು ಸಣ್ಣ ಹುಡುಗಿ, ಬೆಂಕಿಗೆ ಹೋದಳು. ಅವಳನ್ನು ತಡೆದು, ನೀನು ಬದುಕಬೇಕು ಎಂದು ಹೇಳುವವರು ಆ ಊರಿನಲ್ಲಿ ಎಷ್ಟು ಜನ ಇದ್ದರೋ. ನಾನು ಎರಡು ದಿನ ಊಟ ಬಿಟ್ಟು, ಮೂರನೇ ದಿನ ಪಾವ್ ಭಾಜಿ ತಿಂದೆ. ಅಷ್ಟೇ ನನ್ನ ದುಃಖ. ಬರೆದು ಕೊಡುತ್ತೇನೆ ಎಂದಿದ್ದೆನಲ್ಲ, ಈಗ ಇದನ್ನು ಬರೆದು ಕೊಡುತ್ತಿದ್ದೇನೆ: ನಾನು ರಮಾಬಾಯಿ ಆಗುವುದಿಲ್ಲ.

ನನ್ನ ಅಪ್ಪನಿಗೆ ಇದುವರೆಗೆ ಹೇಳಿಲ್ಲ. ನೀವು ಹೇಳಬೇಡ ಎಂದದ್ದಕ್ಕಲ್ಲ. ನೀವೇ ಹೇಳಬೇಕು. ಫೋನ್ ಮಾಡಿ, ನಿಮ್ಮ ದನಿಯಲ್ಲಿ. ಕೆಮ್ಮು ಬಂದರೆ ಕೆಮ್ಮಿ. ಅಲ್ಲಿಯವರೆಗೆ ನಾನು ಬರುವುದಿಲ್ಲ, ನನಗೆ ಫೋನ್ ಮಾಡುವುದೂ ಬೇಡ. ನಾಳೆ ಅಮಾವಾಸ್ಯೆ, ಆಷಾಢ ಮುಗಿಯುತ್ತದೆ. ಇದು ನನ್ನ ಪದ್ಧತಿ.

ಮಾತ್ರೆ ತಪ್ಪಿಸಬೇಡಿ.

ಸ್ನೇಹಲ


ನಾಸಿಕ
26 ಜುಲೈ 2025

ಸ್ನೇಹಲ,

ನಿನ್ನ ಕಾಗದ ನಿನ್ನೆ ಬಂತು. ನೀನು ಬರೆದ ಸಿಟ್ಟು ಸರಿಯಾಗಿದೆ.

ಇಂದು ಬೆಳಿಗ್ಗೆ ಅಂಗಡಿಯ ಹೊತ್ತು ನೋಡಿ ನಿನ್ನ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ಅಪ್ಪ ತಡೆಯಲು ಬಂದರು. “ಸ್ವಲ್ಪ ವಾಸಿ ಆಗಲಿ, ಆಮ್ಯಾಲ ಹೇಳಿದ್ರಾತು, ಬೀಗರ ಮುಂದ ಮಾನ ಹೋಗ್ತದ” ಎಂದರು. ಅವ್ವ, “ಮಾಡಲಿ ಬಿಡ್ರಿ. ಮೊಟ್ಟಿ ಕುದಿಸಿದ ಮ್ಯಾಲ ಇನ್ನ ಯಾವ ಮಾನ ಉಳದದ?” ಎಂದಳು. ಅಪ್ಪ ನಕ್ಕು ಸರಿದರು. ಅವರು ನಕ್ಕದ್ದು ತಿಂಗಳ ಮೇಲೆ ಇದೇ ಮೊದಲು.

ಗೋಪಿಕಾಬಾಯಿಗೆ ಸುದ್ದಿ ತಂದ ಆ ಸವಾರ ಮೊದಲು ಏನು ಹೇಳಿರಬೇಕೆಂದು ಕೇಳಿದ್ದೆನಲ್ಲ. ನಾನು ಮೊದಲು ಆಡಿದ ಮಾತು, “ಮಾವಾರ, ಅಂಗಡ್ಯಾಗ ಗಿರಾಕಿ ಅದಾರೇನ್ರಿ?” ಅವರು, “ಒಬ್ಬ ಅದಾನ, ಅರ್ಧಾ ಕಿಲೋ ಮೊಳಿ ಕೇಳ್ಲಕತ್ತಾನ. ತೂಗಿ ಕೊಡ್ತೀನಿ, ತಡೀರಿ” ಎಂದರು. ಆ ಮೊಳೆ ತೂಗಿ ಮುಗಿಯುವವರೆಗೆ ತಕ್ಕಡಿಯ ಸದ್ದು ಕೇಳುತ್ತಾ ಕೂತೆ. ಆಮೇಲೆ ಹೇಳಿದೆ. ಎಲ್ಲವನ್ನೂ. ನಿನ್ನಿಂದ ಮುಚ್ಚಿಟ್ಟದ್ದನ್ನೂ, ನೀನು ಒಬ್ಬಳೇ ಎಕ್ಸ್‌ರೇಗೆ ಹೋದದ್ದನ್ನೂ. ನಡುವೆ ಎರಡು ಸಲ ಕೆಮ್ಮು ಬಂತು, ತಡೆಯಲಿಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ, “ಮಾತ್ರಿ ತಗೊಳ್ಳಕತ್ತೀರೇನು?” ಎಂದರು. ಹೌದೆಂದೆ. “ಹ್ಞಾ” ಎಂದು ಇಟ್ಟುಬಿಟ್ಟರು. ಅದಕ್ಕೆ ಏನರ್ಥ ಎಂದು ನನಗೆ ಗೊತ್ತಾಗಿಲ್ಲ.

ನೀನು ಏನು ನಿರ್ಧಾರ ಮಾಡಿದರೂ ನನ್ನದು ತಕರಾರಿಲ್ಲ.

ರವಿಕಾಂತ


ಛತ್ರಪತಿ ಸಂಭಾಜಿನಗರ
30 ಜುಲೈ 2025

ರೀ,

ನಿನ್ನೆ ಪಂಚಮಿ ಆಯಿತು. ಮೊದಲು ಅಪ್ಪನ ‘ಹ್ಞಾ’ಕ್ಕೆ ಅರ್ಥ ಹೇಳುತ್ತೇನೆ.

ಶನಿವಾರ ಅವರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದರು. ಅವ್ವನಿಗೆ ಒಳಗೆ ಹೇಳಿದರು, ಅವ್ವ ಅತ್ತಳು, “ನಮ್ಮ ಹುಡುಗಿ ಬಾಳು ಹೋಯ್ತಲ್ರಿ” ಎಂದಳು. ಆಮೇಲೆ ಅಪ್ಪ ಹೊರಗೆ ಬಂದು ನನ್ನೆದುರು ಕೂತರು.

“ದವಾಖಾನಿಗಿ ಒಬ್ಬಾಕಿನೇ ಹೋದಿ?”

“ಹ್ಞೂ.”

“ನನಗ ಹೇಳಿದ್ರ ಗಾಡಿ ಮ್ಯಾಲ ಬಿಡ್ತಿದ್ದೆ.” ಅಷ್ಟಕ್ಕೇ ಅವರ ಕಣ್ಣಲ್ಲಿ ನೀರು. ನನ್ನ ಅಪ್ಪ ಅತ್ತದ್ದನ್ನು ಮದುವೆಯಲ್ಲೂ ನೋಡಿರಲಿಲ್ಲ.

ಮೂರು ದಿನ ಮನೆಯಲ್ಲಿ ಅದೇ ಮಾತು ನಡೆಯಿತು. ಆರು ತಿಂಗಳು ಇಲ್ಲೇ ಇರಲಿ, ಪೂರ್ತಿ ವಾಸಿಯಾದ ಮೇಲೆ ನೋಡೋಣ ಎಂದು ಅವ್ವ. ಹಬ್ಬಕ್ಕೆ ಅಳ್ಳು, ಉಂಡಿ ಎಲ್ಲ ಮಾಡಿದಳು, ಮುಖದಲ್ಲಿ ಮಾತ್ರ ಹಬ್ಬ ಇರಲಿಲ್ಲ. ಸೋಮವಾರ ನಾನು ಅಪ್ಪನನ್ನೇ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ನೀವು ಮಾತ್ರೆ ಶುರು ಮಾಡಿ ಐದು ವಾರವಾಯಿತೆಂದು ಹೇಳಿದೆ. ಇಷ್ಟು ಹೊತ್ತಿಗೆ ಹರಡುವ ಭಯ ಬಹಳ ಕಡಿಮೆ, ನಾಸಿಕದ ಡಾಕ್ಟರನ್ನು ಒಂದು ಮಾತು ಕೇಳಿ, ಗಾಳಿ ಬೆಳಕಿನ ಕೋಣೆಯಲ್ಲಿರಿ ಎಂದರು. ಅಪ್ಪ ಅದೇ ಪ್ರಶ್ನೆಯನ್ನು ನಾಲ್ಕು ರೀತಿಯಲ್ಲಿ ಕೇಳಿದರು, ಅಂಗಡಿಯಲ್ಲಿ ಗಿರಾಕಿಗಳು ದರ ಕೇಳುವ ಹಾಗೆ. ಡಾಕ್ಟರು ದರ ಇಳಿಸಲಿಲ್ಲ.

ಸಂಜೆ ಅವ್ವ ಕೊನೆಯ ಸಲ ಕೇಳಿದಳು. “ಈಗ ಹೋಗಿ ಏನ ಮಾಡ್ತೀ ಅಲ್ಲಿ? ಅಂಥಾ ರೋಗದ ಗಂಡನ ಹಂತ್ಯಾಕ?”

“ಅವರೇನು ಸಾಯ್ಲಕತ್ತಿಲ್ಲವ್ವಾ. ಮಾತ್ರಿ ತಗೊಳ್ಳಕತ್ತಾರ” ಎಂದೆ.

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನನಗೆ ಇಷ್ಟು ವರ್ಷ ಗೊತ್ತಿದ್ದದ್ದು ಸಾಯುವವರ ಪಕ್ಕದಲ್ಲಿ ಕೂರುವುದು ಹೇಗೆ ಎನ್ನುವುದೊಂದೇ. ದಿನಾ ಬೆಳಿಗ್ಗೆ ಮಾತ್ರೆ ನುಂಗುವವರ ಪಕ್ಕದಲ್ಲಿ ಹೇಗೆ ಕೂರಬೇಕೋ ನನಗೆ ಗೊತ್ತಿಲ್ಲ. ನೋಡೋಣ. ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನೂ ಜೊತೆಗೆ ತರುತ್ತಿದ್ದೇನೆ. ಅಲ್ಲಿ ಬಂದು ನಿಮ್ಮೆದುರು ಕೂತು ಮಾಡುವ ಜಗಳ ಒಂದಿದೆ, ಅದು ಕಾಗದದಲ್ಲಿ ಹಿಡಿಸುವುದಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಅಪ್ಪ ನನ್ನನ್ನು ಕರೆದುಕೊಂಡು ಬರುತ್ತಾರೆ. ಅವರ ಮುಂದೆ ನೀವು ನಾಚಿಕೊಂಡು ಒಳಗೆ ಹೋಗಿ ಕೂರಬೇಡಿ. ಸ್ಟ್ಯಾಂಡಿಗೆ ಬರುವುದಾದರೆ ಮಾಸ್ಕ್ ಹಾಕಿಕೊಂಡು ಬನ್ನಿ. ಇಂದು ರಾತ್ರಿ ಊಟವಾದ ಮೇಲೆ ನಾನೇ ಫೋನ್ ಮಾಡುತ್ತೇನೆ. ಈ ಕಾಗದ ಸಿಗುವ ಹೊತ್ತಿಗೆ ನಾವು ಮಾತಾಡಿ ಆಗಿರುತ್ತದೆ, ನೀವು ಇದನ್ನೆಲ್ಲ ಕೇಳಿ ಆಗಿರುತ್ತದೆ. ಆದರೂ ಪೋಸ್ಟಿಗೆ ಹಾಕುತ್ತೇನೆ. ಒಂದೇ ಮಾತನ್ನು ಎರಡೆರಡು ಸಲ ಹೇಳುವ ಹೆಂಡತಿ ನಿಮಗೆ ಸಿಕ್ಕಿದ್ದಾಳೆ, ಈಗಲಾದರೂ ರೂಢಿ ಮಾಡಿಕೊಳ್ಳಿ.

ಸ್ನೇಹಲ